ದೂರದೇಶದ ಪ್ರಯಾಣಕ್ಕೆ ಸಿದ್ಧತೆ

(ಅಪೊಸ್ತಲರ ಕೃತ್ಯಗಳು 27 ಮತ್ತು 28ನೆಯ ಅಧ್ಯಾಯಗಳನ್ನು ಆಧಾರಮಾಡಿಕೊಂಡ ಪ್ರಸಂಗ)



ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಒಯ್ಯಲ್ಪಟ್ಟ ಸಮುದ್ರಪ್ರಯಾಣದ ವೃತ್ತಾಂತವನ್ನು ನೀವು ಅನೇಕಾವರ್ತಿ ಕೇಳಿದ್ದೀರಿ. ಅದನ್ನು ಓದುವಾಗ ನಾವು ಬಿರುಗಾಳಿಯ ಭಾಗಕ್ಕೆ ಬೇಗನೆ ಹೋಗಿಬಿಡುತ್ತೇವೆ. ಮಕ್ಕಳಿಗೂ ಅದೇ ಇಷ್ಟ. ಆದರೆ ಗಾಳಿಯು ಬೀಸುವದಕ್ಕಿಂತ ಮೊದಲು, ಹಡಗು ಚಂದರೇವು ಎಂಬ ಸ್ಥಳದಲ್ಲಿ ನಿಂತಿದ್ದಾಗ, ಮುಂದಕ್ಕೆ ಹೋಗಬೇಕೋ ಬಾರದೋ ಎಂಬ ಆಲೋಚನೆಯು ನಡೆಯಿತು. ಈ ಸಾರಿ ನಾವು ಆ ಆಲೋಚನೆಯ ಬಳಿಯಲ್ಲಿಯೇ ಸ್ವಲ್ಪ ಹೊತ್ತು ಕೂತುಕೊಳ್ಳೋಣ.

ಇದಕ್ಕೆ ಕಾರಣವುಂಟು. ನಮ್ಮ ಸಭೆಯ ಯೌವನಸ್ಥರಿಬ್ಬರು ಪಟ್ಟಣದಲ್ಲಿ ಕೆಲಸಮಾಡಿ ಮೂರು ವರುಷಗಳಿಂದ ಹಣ ಕೂಡಿಸಿಟ್ಟಿದ್ದಾರೆ. ಆ ಹಣದಿಂದ ಪಾಪುವಾ ನ್ಯೂಗಿನಿ ದೇಶಕ್ಕೆ ಹೋಗಿ, ಕೊಕೊಡಾ ಎಂಬ ಕಾಡುದಾರಿಯಲ್ಲಿ ನಡೆದು, ಸೆಪಿಕ್ ನದಿಯಲ್ಲಿ ದೋಣಿಯ ಮೇಲೆ ಸಂಚರಿಸಿ ಬರಬೇಕೆಂಬದು ಅವರ ಮನಸ್ಸು. ಅವರು ನಕ್ಷೆಯನ್ನು ತಂದು ನನ್ನ ಮುಂದೆ ಹರಡಿ, “ಉಪದೇಶಿಗಳೇ, ಇಂಥ ಅಪಾಯದ ಪ್ರಯಾಣವನ್ನು ಸುಮ್ಮನೆ ಕೈಕೊಳ್ಳುವದು ದೇವರನ್ನು ಪರೀಕ್ಷಿಸಿದ ಹಾಗಾಗುವದೋ?” ಎಂದು ಕೇಳಿದರು. ಅವರಲ್ಲೊಬ್ಬನ ತಾಯಿ ವಿಧವೆ. ಆಕೆಗೆ ಅವನೊಬ್ಬನೇ ಮಗನು. ಆಕೆಯೂ ಬಂದಳು, ಏನನ್ನೂ ಕೇಳಲಿಲ್ಲ. ಈ ಪ್ರಸಂಗವು ಆ ಮೂವರಿಗೆ ನಾನು ಕೊಡುವ ಉತ್ತರವಾಗಿದೆ. ನಿಮ್ಮ ಮನೆಗಳಲ್ಲಿಯೂ ಇಂಥ ಮಕ್ಕಳು ಇರುವದರಿಂದ ನಿಮ್ಮೆಲ್ಲರ ಮುಂದೆ ಇಡುತ್ತೇನೆ.

ದೂರದೇಶವನ್ನು ನೋಡಬೇಕೆಂಬ ಆಶೆಯು ಪಾಪವಲ್ಲ. ಸ್ವರ್ಗಪಕ್ಷಿಗಳೆಂದು ಹೆಸರುಗೊಂಡ ಬಣ್ಣಬಣ್ಣದ ಪಕ್ಷಿಗಳನ್ನು ಆ ದ್ವೀಪದ ಕಾಡುಗಳಲ್ಲಿ ಉಂಟುಮಾಡಿದಾತನು ಅವುಗಳನ್ನು ಯಾರೂ ನೋಡಬಾರದೆಂದು ಮರೆಮಾಡಲಿಲ್ಲ. ಆದರೆ ಒಂದು ಮಾತನ್ನು ಹೇಳದೆ ಇರಲಾರೆನು. ನೋಡುವದಕ್ಕೆ ಹೋಗುವವನು ನೋಡುವದಕ್ಕೆ ಹೋಗುತ್ತೇನೆಂದೇ ಹೇಳಲಿ. ಸಭೆಯವರಿಂದ ಸಹಾಯವನ್ನು ಪಡೆಯುವದಕ್ಕೋಸ್ಕರ ವಿನೋದಪ್ರಯಾಣಕ್ಕೆ ಸುವಾರ್ತಾಪ್ರಯಾಣದ ಅಂಗಿಯನ್ನು ತೊಡಿಸಬಾರದು. ಆ ದೇಶದ ಜನರಲ್ಲಿ ಬಹುಪಾಲು ತಮ್ಮನ್ನು ಕ್ರೈಸ್ತರೆಂದು ಹೇಳಿಕೊಳ್ಳುತ್ತಾರೆ. ಭಾನುವಾರದಲ್ಲಿ ನಮ್ಮ ಯೌವನಸ್ಥರು ಅಲ್ಲಿ ಬೋಧಕರಾಗಿ ಎದ್ದುನಿಲ್ಲುವದಲ್ಲ, ಅತಿಥಿಗಳಾಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳುವರು.

ಆ ದೇಶವು ಎಲ್ಲಿಯದೆಂದು ನಿಮ್ಮಲ್ಲಿ ಹಲವರಿಗೆ ಸಂಶಯವಿರಬಹುದು. ಆಸ್ಟ್ರೇಲಿಯದ ಉತ್ತರಕ್ಕೆ ನ್ಯೂಗಿನಿ ಎಂಬ ಬಹು ದೊಡ್ಡ ದ್ವೀಪವಿದೆ. ಅದರ ಪಶ್ಚಿಮದ ಅರ್ಧವು ಇಂಡೋನೇಷಿಯಕ್ಕೆ ಸೇರಿದೆ; ಪೂರ್ವದ ಅರ್ಧವೂ ಅದರ ಸುತ್ತಲಿನ ನೂರಾರು ಚಿಕ್ಕ ದ್ವೀಪಗಳೂ ಕೂಡಿ ಪಾಪುವಾ ನ್ಯೂಗಿನಿಯಾಗಿ 1975ನೆಯ ಇಸವಿ ಸೆಪ್ಟೆಂಬರ್ 16ರಂದು ಸ್ವತಂತ್ರವಾಯಿತು. ನಡುವೆ ಬೆಟ್ಟಗಳ ಸಾಲು. ವಿಲ್ಹೆಲ್ಮ್ ಎಂಬ ಶಿಖರವು 4,509 ಮೀಟರ್ ಎತ್ತರವಾಗಿದೆ. ಒಂದು ಕಣಿವೆಯವರ ಮಾತು ಪಕ್ಕದ ಕಣಿವೆಯವರಿಗೆ ತಿಳಿಯದಷ್ಟು ಭಾಷಾಭೇದವಿದ್ದು, ಒಟ್ಟು 800ಕ್ಕಿಂತಲೂ ಹೆಚ್ಚು ಭಾಷೆಗಳುಂಟು. 1930ನೆಯ ಇಸವಿಯ ವರೆಗೆ ಕರಾವಳಿಯಲ್ಲಿದ್ದ ಪರದೇಶಸ್ಥರು ಒಳಗಿನ ಬೆಟ್ಟಸೀಮೆಯು ಬಹುತರ ನಿರ್ಜನವಾಗಿದೆಯೆಂದು ನೆನಸಿದ್ದರು. ಚಿನ್ನವನ್ನು ಹುಡುಕುತ್ತಾ ಮೇಲಕ್ಕೆ ಹತ್ತಿದವರು ಅಲ್ಲಿ ಲಕ್ಷಾಂತರ ಜನರನ್ನೂ ಸಾಲುಸಾಲಾದ ಗೆಣಸಿನ ತೋಟಗಳನ್ನೂ ಕಂಡರು. ನಾವು ಕಾಣದ ಸ್ಥಳದಲ್ಲಿ ಯಾರೂ ಇಲ್ಲವೆಂದು ಎಣಿಸುವದು ಪ್ರಯಾಣಿಕರ ಹಳೆಯ ರೋಗವೇ ಸರಿ.

ಈಗ ಚಂದರೇವಿಗೆ ಬರೋಣ. ಉಪವಾಸದ ದಿವಸವು ದಾಟಿಹೋಗಿತ್ತು. ಅಂದರೆ ಹಡಗುಗಳು ನಿಶ್ಚಿಂತೆಯಿಂದ ಹೋಗಿಬರುವ ಋತುವು ಮುಗಿದಿತ್ತು. ಮುಂದಕ್ಕೆ ಹೋದರೆ ಸರಕಿಗೂ ಹಡಗಿಗೂ ಮಾತ್ರವಲ್ಲದೆ ಪ್ರಾಣಗಳಿಗೂ ಹಾನಿಯಾದೀತೆಂದು ಪೌಲನು ಎಚ್ಚರಿಸಿದನು. ಶತಾಧಿಪತಿಯಾದರೋ ನಾವಿಕನ ಮತ್ತು ಹಡಗಿನ ಯಜಮಾನನ ಮಾತನ್ನು ನಂಬಿದನು. ಹೆಚ್ಚು ಮಂದಿಯೂ ಹೋಗೋಣವೆಂದರು. ಅವರನ್ನು ಮೂರ್ಖರೆಂದು ಹೇಳಬೇಡಿರಿ. ಆ ರೇವು ಚಳಿಗಾಲವನ್ನು ಕಳೆಯುವದಕ್ಕೆ ಅನುಕೂಲವಾಗಿರಲಿಲ್ಲವೆಂದು ಲೂಕನೇ ಬರೆದಿದ್ದಾನೆ. ಆದರೆ ಯಜಮಾನನು ಸರಕನ್ನು ಎಣಿಸಿದ್ದಾನು, ನಾವಿಕನು ರೇವುಗಳನ್ನು ಎಣಿಸಿದ್ದಾನು. ಹಡಗಿನಲ್ಲಿದ್ದವರು 276 ಮಂದಿ ಎಂಬ ಎಣಿಕೆಯು ಬಿರುಗಾಳಿಯು ಹದಿನಾಲ್ಕು ದಿವಸ ಅವರನ್ನು ಹೊರಳಾಡಿಸಿದ ಮೇಲೆಯೇ ಪುಸ್ತಕದಲ್ಲಿ ಬರುತ್ತದೆ. ನಾವೂ ಹಾಗೆಯೇ ಮಾಡುತ್ತೇವೆ. ಪ್ರಯಾಣದ ಲೆಕ್ಕವನ್ನು ಹಾಕುವಾಗ ನಮ್ಮ ಗಂಟಿನ ಹಣವನ್ನೂ ನಮ್ಮ ಕಾಲುಗಳ ಬಲವನ್ನೂ ಎಣಿಸುತ್ತೇವೆ. ನಮ್ಮ ಪ್ರಯಾಣಕ್ಕಾಗಿ ತಮ್ಮ ಶರೀರದಿಂದಲೂ ನಿದ್ರೆಯಿಂದಲೂ ತೆರಬೇಕಾದ ಇತರರನ್ನು ಎಣಿಸುವದಿಲ್ಲ.

ಋತುವಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ರಾಜಧಾನಿಯಾದ ಪೋರ್ಟ್ ಮೋರ್ಸ್ಬಿಯ ಸೀಮೆಯಲ್ಲಿ ಮೇ ತಿಂಗಳಿಂದ ಅಕ್ಟೋಬರಿನ ವರೆಗೆ ಮಳೆಯು ಕಡಿಮೆ. ಆದರೆ ಬೆಟ್ಟದ ಆಚೆಗಿರುವ ಲೇ ಎಂಬ ಪಟ್ಟಣದಲ್ಲಿ ಅದೇ ಕಾಲದ ನಡುವಿನ ತಿಂಗಳುಗಳಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತದೆ. ಆಗುಂಬೆಗೂ ಚಳ್ಳಕೆರೆಗೂ ಇರುವ ಭೇದವನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ. ದೇಶಕ್ಕೆಲ್ಲಾ ಒಂದೇ ಬೇಸಿಗೆಯೆಂದು ನಂಬಿ ದಿವಸಗಳನ್ನು ಗೊತ್ತುಮಾಡಬಾರದು. ರಾಜಧಾನಿಯಿಂದ ಲೇ ಪಟ್ಟಣಕ್ಕಾಗಲಿ ಬೆಟ್ಟಸೀಮೆಗಾಗಲಿ ಸಲ್ಲುವ ರಸ್ತೆಯೂ ಇಲ್ಲ, ವಿಮಾನದಲ್ಲಿಯೇ ಹೋಗಬೇಕು. ಒಳನಾಡಿನ ಚಿಕ್ಕ ವಿಮಾನಗಳು ಬೆಟ್ಟದ ಓರೆಯಲ್ಲಿ ಕಡಿದ ಹುಲ್ಲಿನ ಬಯಲುಗಳಲ್ಲಿ ಇಳಿಯುತ್ತವೆ. ಮಧ್ಯಾಹ್ನವಾದರೆ ಮೋಡವು ಕಣಿವೆಗಳನ್ನು ಮುಚ್ಚುತ್ತದೆ. 2009ನೆಯ ಇಸವಿ ಆಗಸ್ಟ್ 11ರಂದು ಕೊಕೊಡಾಕ್ಕೆ ಹೋಗುತ್ತಿದ್ದ ಅಂಥದೊಂದು ವಿಮಾನವು ಬೆಟ್ಟಕ್ಕೆ ಬಡಿದು 13 ಮಂದಿ ಸತ್ತರು. ಆದಕಾರಣ ವಿಮಾನ ನಡಿಸುವವನು ಈ ದಿನ ಬೇಡವೆಂದರೆ ಅವನನ್ನು ಒತ್ತಾಯ ಮಾಡದಿರುವಷ್ಟು ಬಿಡುವಿನ ದಿವಸಗಳನ್ನು ಮೊದಲೇ ಇಟ್ಟುಕೊಳ್ಳಿರಿ. ತಿರಿಗಿ ಕೆಲಸಕ್ಕೆ ಸೇರಬೇಕಾದ ದಿನವು ಮರುದಿನವೇ ಎಂದಿದ್ದರೆ, ನೀವು ಆ ಹಡಗಿನ ಯಜಮಾನನ ಹಾಗೆ ಮಾತಾಡುವಿರಿ.

ಇನ್ನು ಜ್ವರದ ವಿಷಯ. ಇಲ್ಲಿ ನಾನು ಬೇಗನೆ ಮುಂದಕ್ಕೆ ಹೋಗುವದಿಲ್ಲ.

ಬಳ್ಳಾರಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲಸ ನಡಿಸಿದ ಲಂಡನ್ ಮಿಷನ್ನವರ ಹೆಸರನ್ನು ನಮ್ಮ ಹಿರಿಯರು ಬಲ್ಲರು. ಅವರೇ 1872ನೆಯ ಇಸವಿಯಲ್ಲಿ ನ್ಯೂಗಿನಿಯ ದಕ್ಷಿಣ ಕರಾವಳಿಗೆ ಉಪದೇಶಿಗಳನ್ನು ಕಳುಹಿಸಿದರು. ಆ ಉಪದೇಶಿಗಳು ಬಿಳಿಯರಲ್ಲ. ಪಾಸಿಫಿಕ್ ಸಮುದ್ರದಲ್ಲಿ ಬಹು ದೂರದಲ್ಲಿರುವ ರಾರೊಟೊಂಗಾ, ಮಂಗಾಯಾ ಮೊದಲಾದ ದ್ವೀಪಗಳಲ್ಲಿ ಹುಟ್ಟಿ, ಅಲ್ಲಿಯ ಮಿಷನ್ ಶಾಲೆಯಲ್ಲಿ ಕಲಿತು, ಹೆಂಡತಿಯರ ಸಂಗಡ ಹಡಗು ಹತ್ತಿದವರು. ನನ್ನಂಥವರು ಎಂದು ಹೇಳಬಹುದು. ಅವರ ಸ್ವಂತ ದ್ವೀಪಗಳಲ್ಲಿ ಮಲೇರಿಯ ಜ್ವರವೇ ಇಲ್ಲ. ಆದದರಿಂದ ಅವರ ರಕ್ತಕ್ಕೆ ಅದರ ಅಭ್ಯಾಸ ಕೊಂಚವೂ ಇರಲಿಲ್ಲ. ಮನುಮನು ಎಂಬ ಜವುಗು ಭೂಮಿಯ ಬಳಿಯಲ್ಲಿ ಇಳಿದ ಕೂಡಲೆ ಅವರು ಒಬ್ಬರ ಹಿಂದೊಬ್ಬರು ಮಲಗಿದರು. 1873ರಲ್ಲಿ ಉಳಿದವರನ್ನು ಪೋರ್ಟ್ ಮೋರ್ಸ್ಬಿಗೆ ತಂದರು. ಮುಂದಿನ ವರುಷಗಳಲ್ಲಿ ಆ ಕರಾವಳಿಯ ಉದ್ದಕ್ಕೂ ಇಂಥ ಉಪದೇಶಿಗಳ, ಅವರ ಹೆಂಡತಿಯರ, ಹಾಲುಗೂಸುಗಳ ಸಮಾಧಿಗಳು ಹೆಚ್ಚುತ್ತಾ ಬಂದವು. ಬದಲಿಗೆ ಬರಲು ಆ ದ್ವೀಪಗಳ ಸಭೆಗಳಲ್ಲಿ ಮನಸ್ಸುಳ್ಳವರು ಮಾತ್ರ ಕಡಿಮೆಯಾಗಲಿಲ್ಲ. ಎಲ್ಲಿ ಇಳಿಯಬೇಕು, ಯಾವ ಗ್ರಾಮದಲ್ಲಿ ಮನೆ ಕಟ್ಟಬೇಕು ಎಂದು ಗೊತ್ತುಮಾಡಿದವರು ಬೇರೆ. ಅದರ ಬೆಲೆಯನ್ನು ತೆತ್ತವರು ಬೇರೆ. ನ್ಯಾಯವಾಗಿ ಹೇಳಬೇಕಾದರೆ, ಸೊಳ್ಳೆಯೇ ಈ ಜ್ವರವನ್ನು ಹೊರುತ್ತದೆಂಬದು ಆಗ ಲೋಕದಲ್ಲಿ ಯಾರಿಗೂ ನಿಶ್ಚಯವಾಗಿರಲಿಲ್ಲ. ಆ ಸಂಗತಿಯ ಕೀಲಿಕೈ ದೊರೆತದ್ದು ನಮ್ಮ ದೇಶದಲ್ಲಿಯೇ. 1897ನೆಯ ಇಸವಿ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಹೊಟ್ಟೆಯಲ್ಲಿ ಜ್ವರದ ಕ್ರಿಮಿಯನ್ನು ಕಂಡನು. ಆದರೂ ಸಮಾಧಿಗಳು ಎರಡಾಗಿ, ಐದಾಗಿ, ಹತ್ತಾದಾಗ, ಕಾರಣವು ತಿಳಿಯದಿದ್ದರೂ, ಇನ್ನಷ್ಟು ಮಂದಿಯನ್ನು ಅದೇ ಸ್ಥಳಗಳಿಗೆ ಕಳುಹಿಸಬಹುದೋ ಎಂಬ ಪ್ರಶ್ನೆಯು ಕಳುಹಿಸಿದವರ ಮುಂದೆ ಇದ್ದೇ ಇತ್ತು.

ಆ ಮೊದಲಿನ ಗುಂಪಿನಲ್ಲಿ ಉಳಿದುಕೊಂಡವನು ಮಂಗಾಯಾ ದ್ವೀಪದ ರುವಾಟೊಕಾ. ಅವನು 1903ರಲ್ಲಿ ಸಾಯುವ ತನಕ ಪೋರ್ಟ್ ಮೋರ್ಸ್ಬಿಯಲ್ಲಿಯೇ ಇದ್ದನು. 1878ರಲ್ಲಿ ಹತ್ತಿರದ ಲಲೋಕಿ ನದಿಯಲ್ಲಿ ಚಿನ್ನವುಂಟೆಂಬ ವರ್ತಮಾನ ಹಬ್ಬಿ ಆಸ್ಟ್ರೇಲಿಯದಿಂದ ಅನೇಕರು ಆತುರದಿಂದ ಬಂದಿಳಿದರು. ಅವರ ಸಿದ್ಧತೆಯೆಂದರೆ ಸಲಿಕೆಯೂ ಬೋಗುಣಿಯೂ. ಚಿನ್ನ ಸಿಕ್ಕಲಿಲ್ಲ, ಜ್ವರ ಸಿಕ್ಕಿತು. ಅವರಲ್ಲೊಬ್ಬನು ದಾರಿಯಲ್ಲಿ ಬಿದ್ದುಕೊಂಡಿದ್ದಾನೆಂದು ಕೇಳಿ ರುವಾಟೊಕಾ ರಾತ್ರಿಯಲ್ಲಿ ಹುಡುಕಿಕೊಂಡು ಹೋಗಿ, ಅವನನ್ನು ಬೆನ್ನಿನ ಮೇಲೆ ಹೊತ್ತು ತನ್ನ ಮನೆಗೆ ತಂದನು. ಅವನೂ ಅವನ ಹೆಂಡತಿಯೂ ಇಂಥವರನ್ನು ಉಪಚರಿಸಿದರು. ನಾವು ಇದನ್ನು ಓದಿ ರುವಾಟೊಕನ ಪ್ರೀತಿಯನ್ನು ಕೊಂಡಾಡುತ್ತೇವೆ, ಕೊಂಡಾಡತಕ್ಕದ್ದೇ. ಆದರೆ ಎಲೈ ಯೌವನಸ್ಥರೇ, ನೀವು ಈ ಕಥೆಯಲ್ಲಿ ರುವಾಟೊಕನ ಸ್ಥಾನದಲ್ಲಿ ನಿಂತು ಓದಬೇಡಿರಿ. ಹೊರಡುವ ನಿಮ್ಮ ಸ್ಥಾನವು ದಾರಿಯಲ್ಲಿ ಬಿದ್ದವನದು. ನಿಮ್ಮ ಅಜಾಗರೂಕತೆಯನ್ನು ಯಾವನ ಬೆನ್ನು ಹೊರಬೇಕಾಗುವದೋ ಅದನ್ನು ಈಗಲೇ ಯೋಚಿಸಿರಿ.

ಹಾಗಾದರೆ ಮಾಡತಕ್ಕದ್ದೇನು? ಮಲೇರಿಯ ನಮಗೆ ಹೊಸದೇನು, ನಮ್ಮ ಅಜ್ಜಂದಿರು ಅದನ್ನು ದಾಟಿ ಬದುಕಲಿಲ್ಲವೇ ಎಂಬ ಜಂಬವನ್ನು ಬಿಡಿರಿ. ಚಿಕ್ಕಂದಿನಿಂದ ಪದೇಪದೇ ಜ್ವರ ಬಂದವರಿಗೆ ಸಿಕ್ಕುವ ಅರೆಬರೆ ಬಲವು ಜ್ವರವಿಲ್ಲದ ಪಟ್ಟಣವಾಸದಲ್ಲಿ ಕರಗಿಹೋಗುತ್ತದೆ. ವೈದ್ಯರ ಬಳಿಗೆ ಮುಂಚಿತವಾಗಿ ಹೋಗಿ, ಅವರು ಬರೆದ ಗುಳಿಗೆಗಳನ್ನು ಹೊರಡುವ ಮೊದಲೇ ಆರಂಭಿಸಿ, ಅಲ್ಲಿದ್ದಷ್ಟು ದಿನವೂ ನುಂಗಿ, ತಿರಿಗಿ ಬಂದ ಮೇಲೆಯೂ ಅವರು ಹೇಳಿದಷ್ಟು ದಿನ ಬಿಡದೆ ತೆಗೆದುಕೊಳ್ಳಿರಿ. ಸಾಯಂಕಾಲವಾದ ಮೇಲೆ ಉದ್ದ ತೋಳಿನ ಅಂಗಿ, ರಾತ್ರಿ ಔಷಧ ಹಚ್ಚಿದ ಸೊಳ್ಳೆಪರದೆ. ಬೆಟ್ಟದ ಮೇಲೆ ಈ ಜ್ವರ ಕಡಿಮೆ. ಸೆಪಿಕ್ ನದಿಯ ತಗ್ಗಿನಲ್ಲಿ ಬಹಳ. ಅದರ ಒಂದು ಜಾತಿಯು ಯಕೃತ್ತಿನಲ್ಲಿ ಅಡಗಿಕೊಂಡು ಎಷ್ಟೋ ತಿಂಗಳುಗಳಾದ ಮೇಲೆ ಏಳುವದುಂಟು. ತಿರಿಗಿ ಬಂದ ತರುವಾಯ ಮಳೆಗಾಲದಲ್ಲಿ ಚಳಿಜ್ವರ ಬಂದರೆ, ನಾನು ನ್ಯೂಗಿನಿಗೆ ಹೋಗಿದ್ದೆನೆಂದು ವೈದ್ಯರಿಗೆ ಹೇಳಲು ನಾಚಬೇಡಿರಿ. ಯಾಕಂದರೆ ನಿಮ್ಮನ್ನು ಕಚ್ಚಿದ ನಮ್ಮೂರ ಸೊಳ್ಳೆಯು ಪಕ್ಕದ ಮನೆಯ ಕೂಸನ್ನೂ ಕಚ್ಚೀತು. ನಿಮ್ಮ ಪ್ರಯಾಣದ ಸುದ್ದಿಯನ್ನೇ ಕೇಳದ ಆ ಕೂಸೂ ನಿಮ್ಮ ಲೆಕ್ಕದಲ್ಲಿ ಸೇರಿದೆ.

ತಾಯಿಯ ವಿಷಯವನ್ನೂ ಹೇಳುತ್ತೇನೆ. ಭಾರಿ ಗಾಯವಾದರೆ ಅಲ್ಲಿಂದ ವಿಮಾನದಲ್ಲಿ ಆಸ್ಟ್ರೇಲಿಯಕ್ಕೆ ಒಯ್ಯಬೇಕಾಗಬಹುದು. ಅದರ ವೆಚ್ಚವು ನಮ್ಮಂಥವರ ಹೊಲಮನೆಗಳನ್ನು ನುಂಗುವಷ್ಟು ದೊಡ್ಡದು. ಅದಕ್ಕೆ ತಕ್ಕ ವಿಮೆಯನ್ನು ಮಾಡಿಸದೆ ಹೊರಡುವವನು ತಾಯಿಯ ಹೊಲವನ್ನು ಆಕೆಗೆ ತಿಳಿಸದೆ ಒತ್ತೆಯಿಟ್ಟಂತೆ. ಯಾವ ದಿನ ಎಲ್ಲಿರುವೆವು, ಎಷ್ಟು ದಿನ ದೂರವಾಣಿಯು ಸಿಕ್ಕದೆ ಇರುವದು, ಎಷ್ಟು ದಿನ ಸುದ್ದಿಯಿಲ್ಲದಿದ್ದರೆ ಯಾರನ್ನು ವಿಚಾರಿಸಬೇಕು ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಆಕೆಯ ಕೈಗೆ ಕೊಡತಕ್ಕದ್ದು. ರಾಜಧಾನಿಯಲ್ಲಿ ಕಳ್ಳರ ಭಯವುಂಟು, ಬೆಟ್ಟಸೀಮೆಯ ಕೆಲವು ಕಡೆಗಳಲ್ಲಿ ಕುಲಕುಲಗಳ ಜಗಳಗಳು ಏಳುತ್ತವೆ. ಇವುಗಳನ್ನು ಆಕೆಯಿಂದ ಮುಚ್ಚಿಡಬಾರದು. ಮುಚ್ಚಿಟ್ಟು ಪಡೆದ ಅಪ್ಪಣೆಯು ಅಪ್ಪಣೆಯಲ್ಲ. ತಾಯಂದಿರೇ, ನಿಮಗೂ ಒಂದು ಮಾತು: ಮಗನು ಎಲ್ಲವನ್ನೂ ಬಿಚ್ಚಿ ಹೇಳಿದ ಮೇಲೆ, ಕಣ್ಣೀರನ್ನೇ ಹಗ್ಗವಾಗಿ ಮಾಡಿ ಅವನನ್ನು ಕಟ್ಟಬೇಡಿರಿ.

ಹಡಗು ಒಡೆದ ಮೇಲೆ ಪೌಲನೂ ಅವನ ಸಂಗಡ ಇದ್ದವರೂ ಮೆಲಿತೆ ದ್ವೀಪದ ದಡಕ್ಕೆ ಬಂದರು. ಮಳೆ, ಚಳಿ. ಅವರ ಭಾಷೆಯನ್ನರಿಯದ ಆ ದ್ವೀಪದವರು ಬೆಂಕಿಯನ್ನು ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಂಡರು. ಆಗ ಪೌಲನು ಏನು ಮಾಡಿದನು? ಕಾಯಿಸಿಕೊಳ್ಳುತ್ತಾ ಕೂತಿರಲಿಲ್ಲ, ಕಟ್ಟಿಗೆಗಳನ್ನು ಕೂಡಿಸಿ ತಂದು ಬೆಂಕಿಗೆ ಹಾಕಿದನು. ಹಾವು ಹೊರಟದ್ದರಿಂದ ನಾವು ಹಾವನ್ನು ನೆನಪಿನಲ್ಲಿಟ್ಟು ಕಟ್ಟಿಗೆಯನ್ನು ಮರೆತಿದ್ದೇವೆ. ಅಪರಿಚಿತರ ದ್ವೀಪದಲ್ಲಿ ಅತಿಥಿಯು ಹೇಗಿರಬೇಕೆಂಬದು ಆ ಹೊರೆಯಲ್ಲಿದೆ.

ಪಾಪುವಾ ನ್ಯೂಗಿನಿಯಲ್ಲಿ ಇದು ಬಹಳ ಮುಖ್ಯ. ಆ ದೇಶದ ಭೂಮಿಯಲ್ಲಿ ಸುಮಾರು ನೂರಕ್ಕೆ 97 ಪಾಲು ಅಲ್ಲಿಯ ಕುಲದವರ ವಂಶಪಾರಂಪರ್ಯ ಸ್ವತ್ತು. ಕಾಡೆಂದು ನಿಮಗೆ ಕಾಣುವದು ಯಾರದೋ ತೋಟ, ಯಾರದೋ ಬೇಟೆಯ ನೆಲ, ಜಲಪಾತಕ್ಕೂ ಒಡೆಯರುಂಟು. ಕೊಕೊಡಾ ದಾರಿಗೆ ಅನುಮತಿಚೀಟಿ ಬೇಕು. ಬೇರೆಲ್ಲಿಯಾದರೂ ಹೋಗುವಾಗ ಊರಿನವರನ್ನು ಕೇಳಿ, ಕೊಡಬೇಕಾದದ್ದನ್ನು ಕೊಟ್ಟು ಹೆಜ್ಜೆಯಿಡಿರಿ. ಒಂದೇ ಭಾಷೆಯವರನ್ನು ಅವರು ವಾಂಟೊಕ್ ಎಂದು ಕರೆಯುತ್ತಾರೆ. ವಾಂಟೊಕನಿಗೆ ಊಟವನ್ನೂ ಮಲಗುವ ಸ್ಥಳವನ್ನೂ ಕೊಡುವದು ಅವರಲ್ಲಿ ಕಟ್ಟುಪಾಡು. ನಿಮಗೆ ಅಲ್ಲಿ ವಾಂಟೊಕರಿಲ್ಲವಾದದರಿಂದ ಮುಂಚಿತವಾಗಿ ಬರೆದು ತಿಳಿಸದೆ ಗ್ರಾಮಕ್ಕೆ ನುಗ್ಗಬಾರದು. ಊಟಕ್ಕೆ ಗೆಣಸು, ಕೆಸುವಿನ ಗೆಡ್ಡೆ, ಬಾಳೆ. ನದಿಯ ತಗ್ಗಿನಲ್ಲಿ ಸಾಗುಹಿಟ್ಟು. ಅನ್ನವಿಲ್ಲವೆಂದು ಮುಖ ಸೊಟ್ಟಗೆ ಮಾಡಬೇಡಿರಿ. ಒಂದು ಸಂತೋಷದ ಸಂಗತಿ: ಅವರೂ ನಮ್ಮ ಹಾಗೆ ಸುಣ್ಣದೊಂದಿಗೆ ಅಡಿಕೆಯನ್ನು ಜಗಿಯುತ್ತಾರೆ, ಎಲೆಗೆ ಬದಲಾಗಿ ಹೆಚ್ಚಾಗಿ ವೀಳ್ಯದ ಬಳ್ಳಿಯ ಕಾಯಿಯನ್ನು ಸುಣ್ಣದಲ್ಲಿ ಅದ್ದಿ ಕಚ್ಚುತ್ತಾರೆ. ಅದು ಬಾಯಿಗೆ ಒಳ್ಳೆಯದಲ್ಲವೆಂದು ವೈದ್ಯರು ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೂ ಜಗಲಿಯ ಮೇಲೆ ಅಡಿಕೆ ಮುಂದಿಟ್ಟುಕೊಂಡು ಕೂತವರನ್ನು ಕಂಡಾಗ ನಿಮಗೆ ಊರಿನ ನೆನಪಾಗದೆ ಇರದು.

ಕಡೆಯದಾಗಿ, ಹೊರೆ ಹೊರುವವರು. ಕೊಕೊಡಾ ದಾರಿಯು 96 ಕಿಲೋಮೀಟರ್. ಓವನ್ ಸ್ಟ್ಯಾನ್ಲಿ ಬೆಟ್ಟಸಾಲನ್ನು ಹತ್ತಿ ಇಳಿಯುವ ಕೆಸರಿನ ಕಾಲುದಾರಿ. 2009ರಲ್ಲಿ ಅಲ್ಲಿ ನಡೆಯುತ್ತಿದ್ದ ನಾಲ್ವರು ಆಸ್ಟ್ರೇಲಿಯದವರು ಸತ್ತರು. ಆದಕಾರಣ ಆರು ತಿಂಗಳ ಮೊದಲೇ ಹೊರೆ ಹೊತ್ತು ಬೆಟ್ಟ ಹತ್ತುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ನೀವು ಬೀಳುವದಾದರೆ ನಿಮ್ಮನ್ನು ಹೊರುವವರು ಆ ಬೆಟ್ಟದ ಹಳ್ಳಿಗಳವರೇ. ಅವರ ಅಜ್ಜಂದಿರೂ ಹೊತ್ತವರು. 1942ರಲ್ಲಿ ಜಪಾನಿನ ಮತ್ತು ಆಸ್ಟ್ರೇಲಿಯದ ಸೈನ್ಯಗಳು ಆ ದಾರಿಯಲ್ಲಿ ಕಾದಾಡಿದಾಗ, ಪಾಪುವದ ಹಳ್ಳಿಗರು ಮದ್ದುಗುಂಡುಗಳನ್ನೂ ಅಕ್ಕಿಯನ್ನೂ ಮೇಲಕ್ಕೆ ಹೊತ್ತರು, ಗಾಯಪಟ್ಟ ಆಸ್ಟ್ರೇಲಿಯದ ಸಿಪಾಯಿಗಳನ್ನು ಡೋಲಿಗಳಲ್ಲಿ ಕೆಳಕ್ಕೆ ತಂದರು. ಅನೇಕರನ್ನು ಬಲವಂತದಿಂದ ಕೂಡಿಸಲಾಗಿತ್ತು, ಯುದ್ಧವು ಅವರದಲ್ಲ. ಸಿಪಾಯಿಗಳು ಅವರನ್ನು ದೇವದೂತರೆಂದು ಹೊಗಳಿ ಪದ್ಯಗಳನ್ನು ಕಟ್ಟಿದರು. ಬದುಕಿ ಉಳಿದ ಹೊರೆಯಾಳುಗಳಿಗೆ ಆಸ್ಟ್ರೇಲಿಯ ಸರ್ಕಾರವು ಸ್ಮರಣೆಯ ಪದಕವನ್ನು ಕೊಡಲಾರಂಭಿಸಿದ್ದು 2009ರಲ್ಲಿ. ಅಷ್ಟರಲ್ಲಿ 67 ವರುಷಗಳು ಕಳೆದಿದ್ದವು.

ನೀವು ಹೊರೆಯಾಳುಗಳನ್ನು ಗೊತ್ತುಮಾಡುವಾಗ ಅವರನ್ನು ಒದಗಿಸುವವನನ್ನು ಕಾಗದದ ಮೂಲಕ ಮೊದಲೇ ಕೇಳಿರಿ: ಒಬ್ಬೊಬ್ಬನ ಹೊರೆ ಎಷ್ಟು ತೂಕ? ಮಳೆಗೆ ಹೊದಿಕೆಯುಂಟೋ? ರಾತ್ರಿ ಎಲ್ಲಿ ಮಲಗುವರು, ಏನು ಉಣ್ಣುವರು? ದಾರಿಯ ಆಚೆಯ ಕೊನೆಯನ್ನು ಮುಟ್ಟಿದ ಮೇಲೆ ಅವರು ತಮ್ಮ ಊರಿಗೆ ಹಿಂದಿರುಗುವ ವೆಚ್ಚ ಯಾರದು? ಇದಕ್ಕೆ ಸರಿಯಾದ ಉತ್ತರ ಕೊಡದವನನ್ನು, ಅವನು ಎಷ್ಟು ಕಡಿಮೆ ಹಣ ಹೇಳಿದರೂ ಬಿಟ್ಟುಬಿಡಿರಿ. ಅಲ್ಲಿಗೆ ಮುಟ್ಟಿದ ದಿನ ಒಬ್ಬೊಬ್ಬನ ಹೆಸರನ್ನು ಕೇಳಿ ಕಲಿತುಕೊಳ್ಳಿರಿ. ಕೂಲಿಯವನ ಕೂಲಿಯನ್ನು ಸೂರ್ಯನು ಮುಳುಗುವದರೊಳಗೆ ಕೊಡಬೇಕೆಂದು ಮೋಶೆಯು ಇಸ್ರಾಯೇಲ್ಯರಿಗೆ ಆಜ್ಞಾಪಿಸಿದನಲ್ಲವೇ? ಅಲ್ಲಿಯ ನಾಣ್ಯದ ಹೆಸರು ಕೀನಾ. ಹಿಂದಿನ ಕಾಲದಲ್ಲಿ ಹಣದಂತೆ ನಡೆಯುತ್ತಿದ್ದ ಮುತ್ತಿನ ಚಿಪ್ಪಿನ ಹೆಸರೇ ಅದಕ್ಕೆ ಬಂದಿದೆ. ಪೋರ್ಟ್ ಮೋರ್ಸ್ಬಿಯನ್ನು ಬಿಡುವ ಮೊದಲು ಚಿಕ್ಕ ನೋಟುಗಳನ್ನು ಬೇಕಾದಷ್ಟು ಮಾಡಿಸಿಕೊಂಡು, ನೀರು ತಾಕದ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿರಿ. ಬೆಟ್ಟದ ಹಳ್ಳಿಗಳಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಸಿಕ್ಕುವದಿಲ್ಲ.